ಐಸಿಯು ಬಾಗಿಲು ಅಮ್ಮನಿಗೂ ತೆರೆಯಲಿ

ನಂಜನಗೂಡು ರಸ್ತೆಯ ಮಂಡಕಳ್ಳಿಯನ್ನು ಹೊರಗಿನವರು ಗುರುತಿಸುವುದು ಮೈಸೂರಿನ ವಿಮಾನ ನಿಲ್ದಾಣದಿಂದ. ಅಲ್ಲಿಂದ ನಗರದೊಳಗಿನ ಚೆಲುವಾಂಬ ಆಸ್ಪತ್ರೆಗೆ ಹತ್ತು ಹನ್ನೆರಡು ಕಿಲೋಮೀಟರ್. ದಿನ ತುಂಬಿ ಹೆರಿಗೆಗೆ ಹೋಗುವವರಿಗೆ ಅದು ದೂರವೇ ಅಲ್ಲ. ಏಳನೇ ತಿಂಗಳಿಗೇ ಹೆರಿಗೆಯಾಗಿ, ಮಗು ಆಸ್ಪತ್ರೆಯಲ್ಲೇ ಉಳಿದು, ಬಾಣಂತಿಯೊಬ್ಬಳೇ ಮನೆಗೆ ಬಂದಾಗ ಮಾತ್ರ ಅದೇ ದಾರಿ ಸವೆಯದಂತಾಗುತ್ತದೆ. ಸಿಸೇರಿಯನ್ ಹೊಲಿಗೆ ಇನ್ನೂ ಮಾಗಿರುವುದಿಲ್ಲ. ಸಿಟಿ ಬಸ್ಸಿನಲ್ಲಿ ಹೋಗಿಬರುವ ಶಕ್ತಿಯಿರುವುದಿಲ್ಲ. ದಿನವೂ ಆಟೊ ಹಿಡಿಯಲು ಕೈಯಲ್ಲಿ ಕಾಸಿರುವುದಿಲ್ಲ. “ಮಗೂನ ಗ್ಲಾಸಲ್ಲಿ ಇಟ್ಟವ್ರೆ, ನೀನ್ ಹೋಗಿ ಏನ್ ಮಾಡೀಯವ್ವ?” ಎಂದು ಮನೆಯ ಹಿರಿಯರೂ ತಡೆಯುತ್ತಾರೆ.

ಆ ಪ್ರಶ್ನೆಗೆ ವೈದ್ಯವಿಜ್ಞಾನದ ಬಳಿ ಈಗ ಸ್ಪಷ್ಟ ಉತ್ತರವಿದೆ. ತಾಯಿಯ ಹಾಲು, ಎದೆಯ ಬಿಸುಪು, ಕೈಯ ಆರೈಕೆ ಎಲ್ಲವೂ ಚಿಕಿತ್ಸೆಯೇ ಎಂಬುದು ಸಾವಿರಾರು ಮಕ್ಕಳ ಮೇಲೆ ನಡೆದ ಅಧ್ಯಯನಗಳಿಂದ ಖಚಿತವಾಗಿದೆ. ಇನ್ನೂ ಬದಲಾಗಬೇಕಿರುವುದು ನಮ್ಮ ಆಸ್ಪತ್ರೆಗಳ ಬಾಗಿಲು ಮತ್ತು ನಮ್ಮ ಮನೆಗಳ ರೂಢಿ.

ಮೂವತ್ತೇಳು ವಾರ ತುಂಬುವ ಮೊದಲೇ ಹುಟ್ಟಿದ ಮಗುವನ್ನು ಅವಧಿಪೂರ್ವ ಶಿಶು ಎನ್ನುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅದರ ಜೊತೆಗಾರ ಸಂಸ್ಥೆಗಳ ಅಂದಾಜಿನಂತೆ 2020ರಲ್ಲಿ ಜಗತ್ತಿನಲ್ಲಿ ಇಂಥ 1.34 ಕೋಟಿ ಮಕ್ಕಳು ಹುಟ್ಟಿದರು. ಅವರಲ್ಲಿ 30 ಲಕ್ಷದಷ್ಟು ಮಕ್ಕಳು ಭಾರತದವರು. ಬೇರೆ ಯಾವ ದೇಶದಲ್ಲೂ ಇಷ್ಟು ದೊಡ್ಡ ಸಂಖ್ಯೆ ಇಲ್ಲ. ಎಲ್ಲರ ಸ್ಥಿತಿಯೂ ಒಂದೇ ಅಲ್ಲ. 32 ವಾರ ದಾಟಿದವರೇ ಬಹುಪಾಲು. ಅವರಲ್ಲಿ ಹೆಚ್ಚಿನವರಿಗೆ ಬೇಕಾಗುವುದು ಬಿಸುಪು, ಹಾಲು ಮತ್ತು ಸೋಂಕಿನಿಂದ ರಕ್ಷಣೆ. 28ರಿಂದ 32 ವಾರದ ನಡುವೆ ಹುಟ್ಟಿದವರಿಗೆ ಉಸಿರಾಟದ ನೆರವೂ ಬೇಕಾಗಬಹುದು. 28 ವಾರಕ್ಕಿಂತ ಮೊದಲು ಹುಟ್ಟಿದವರದು ಬಹಳ ಕಷ್ಟದ ಹೋರಾಟ.

ಇಲ್ಲೊಂದು ಹಳೆಯ ನಂಬಿಕೆಯನ್ನು ಬಿಡಿಸಿ ನೋಡಬೇಕು. “ಏಳು ತಿಂಗಳಿಗೆ ಹುಟ್ಟಿದ್ದು ಉಳಿಯುತ್ತೆ, ಎಂಟು ತಿಂಗಳಿಗೆ ಹುಟ್ಟಿದ್ದು ಉಳಿಯಲ್ಲ” ಎಂಬ ಮಾತು ಹಳೆ ಮೈಸೂರು ಸೀಮೆಯಲ್ಲಿ ಇಂದಿಗೂ ಕೇಳುತ್ತದೆ. ಅದು ಸುಳ್ಳು. ಗರ್ಭದಲ್ಲಿ ಕಳೆದ ಪ್ರತಿಯೊಂದು ವಾರವೂ ಮಗುವಿನ ಶ್ವಾಸಕೋಶ, ಮಿದುಳು, ಕರುಳನ್ನು ಬಲಪಡಿಸುತ್ತದೆ. ಎಂಟು ತಿಂಗಳ ಮಗು ಉಳಿಯುವ ಸಾಧ್ಯತೆ ಏಳು ತಿಂಗಳ ಮಗುವಿಗಿಂತ ಹೆಚ್ಚೇ ಹೊರತು ಕಡಿಮೆಯಲ್ಲ. ಈ ಮಾತನ್ನು ನಂಬಿ ಎಂಟನೇ ತಿಂಗಳ ಮಗುವಿನ ಮೇಲೆ ಆಸೆಯನ್ನೇ ಬಿಡುವ ಮನೆಗಳಿವೆ. ಅಂಥ ಮನೆಯಲ್ಲಿ ತಾಯಿಗೆ ಹಾಲು ಹಿಂಡಿ ಕಳಿಸುವ ಹುಮ್ಮಸ್ಸಾದರೂ ಎಲ್ಲಿಂದ ಬರಬೇಕು?

ಅವಧಿಗೆ ಮುನ್ನ ನೋವು ಕಾಣಿಸಿಕೊಂಡಾಗ ಮೊದಲ ಕೆಲಸ ಮಗು ಹುಟ್ಟುವ ಮುಂಚೆಯೇ ಆಗಬೇಕು. ಸಣ್ಣ ನರ್ಸಿಂಗ್ ಹೋಮಿನಲ್ಲಿ ಹೆರಿಗೆ ಮಾಡಿಸಿ, ಆಮೇಲೆ ಒಂದು ಕೆ.ಜಿ. ತೂಕದ ಮಗುವನ್ನು ಆಂಬುಲೆನ್ಸಿನಲ್ಲಿ ಸಾಗಿಸುವುದಕ್ಕಿಂತ, ಮಗು ಹೊಟ್ಟೆಯಲ್ಲಿರುವಾಗಲೇ ತಾಯಿಯನ್ನು ನವಜಾತ ಶಿಶು ತೀವ್ರ ನಿಗಾ ಘಟಕವಿರುವ ಆಸ್ಪತ್ರೆಗೆ ಸೇರಿಸುವುದು ಎಷ್ಟೋ ಕ್ಷೇಮ. ಮೈಸೂರು, ಮಂಡ್ಯ, ಚಾಮರಾಜನಗರ, ಕೊಡಗಿನ ಕಡೆಯಿಂದ ಚೆಲುವಾಂಬಕ್ಕೆ ಗರ್ಭಿಣಿಯರು ಬಂದು ಸೇರುವುದು ಇದೇ ಕಾರಣಕ್ಕೆ. 108ಕ್ಕೆ ಕರೆ ಮಾಡಿ, ತಾಯಿ ಕಾರ್ಡ್ ಕೈಯಲ್ಲಿ ಹಿಡಿದು ಹೊರಡುವುದರಲ್ಲಿ ತಡ ಮಾಡಬಾರದು.

ಎರಡನೆಯದು ಒಂದು ಅಗ್ಗದ ಇಂಜೆಕ್ಷನ್. ಗರ್ಭಿಣಿಗೆ ಡೆಕ್ಸಾಮೆಥಸೋನ್ ಕೊಟ್ಟರೆ ಮಗುವಿನ ಶ್ವಾಸಕೋಶ ಬೇಗ ಬಲಿಯುತ್ತದೆ. ಈ ಬಗೆಯ ಸ್ಟೀರಾಯ್ಡ್ ಶ್ವಾಸದ ತೊಂದರೆಯನ್ನು ತಡೆಯುತ್ತದೆ ಎಂದು ನ್ಯೂಜಿಲೆಂಡಿನ ಲಿಗಿನ್ಸ್ ಮತ್ತು ಹೋವಿ 1972ರಲ್ಲೇ ತೋರಿಸಿದ್ದರು. ಬಡ ದೇಶಗಳ ಆಸ್ಪತ್ರೆಗಳಲ್ಲಿ ಇದು ನೆರವಾಗುತ್ತದೆಯೇ ಎಂಬ ಅನುಮಾನ ಬಹಳ ಕಾಲ ಉಳಿದಿತ್ತು. ಅದನ್ನು ಬಗೆಹರಿಸಿದ ವಿಶ್ವ ಆರೋಗ್ಯ ಸಂಸ್ಥೆಯ ಐದು ದೇಶಗಳ ಅಧ್ಯಯನದಲ್ಲಿ ನಮ್ಮ ಬೆಳಗಾವಿಯ ಜವಾಹರಲಾಲ್ ನೆಹರು ವೈದ್ಯಕೀಯ ಕಾಲೇಜೂ ಪಾಲುಗೊಂಡಿತ್ತು. 2020ರಲ್ಲಿ ಪ್ರಕಟವಾದ ಅದರ ಫಲಿತಾಂಶದಂತೆ, ಇಂಜೆಕ್ಷನ್ ಪಡೆಯದ ತಾಯಂದಿರ ಗುಂಪಿನಲ್ಲಿ 23.5ರಷ್ಟಿದ್ದ ನವಜಾತ ಮಕ್ಕಳ ಸಾವಿನ ಶೇಕಡಾವಾರು ಪ್ರಮಾಣ, ಪಡೆದವರ ಗುಂಪಿನಲ್ಲಿ 19.6ಕ್ಕೆ ಇಳಿಯಿತು. ಪ್ರಯೋಜನ ಕಣ್ಣಿಗೆ ಕಟ್ಟುವಷ್ಟು ಸ್ಪಷ್ಟವಾಗಿದ್ದರಿಂದ ಅಧ್ಯಯನವನ್ನು ನಡುವೆಯೇ ನಿಲ್ಲಿಸಲಾಯಿತು.

ಇನ್ನು ಘಟಕದ ಒಳಗೆ. ಮೊದಲ ಸಲ ಒಳಹೋದ ತಂದೆತಾಯಿಗೆ ಮಗುವಿಗಿಂತ ಮೊದಲು ಕಾಣುವುದು ತಂತಿಗಳು. ಒಂದೊಂದಕ್ಕೂ ಒಂದೊಂದು ಕೆಲಸವಿದೆ. ವಾರ್ಮರ್ ಮಗುವಿನ ಮೈಯನ್ನು 36.5ರಿಂದ 37.5 ಡಿಗ್ರಿ ಸೆಲ್ಸಿಯಸ್‌ನಲ್ಲಿಡುತ್ತದೆ. ಚರ್ಮದಡಿಯ ಕೊಬ್ಬು ಇಲ್ಲದ ಈ ಮಕ್ಕಳು ಬೇಗ ತಣ್ಣಗಾಗುತ್ತಾರೆ. ಮೂಗಿಗೆ ಕಟ್ಟಿದ ಸಿಪ್ಯಾಪ್, ಗಾಳಿಯ ಒತ್ತಡದಿಂದ ಶ್ವಾಸಕೋಶ ಮುದುಡದಂತೆ ನೋಡಿಕೊಳ್ಳುತ್ತದೆ. ಬಾಯಿಂದ ಹೊಟ್ಟೆಗೆ ಇಳಿಸಿದ ಸಣ್ಣ ನಳಿಕೆ ಹಾಲು ಕೊಡಲು. ಚೀಪುವುದು, ನುಂಗುವುದು, ಉಸಿರಾಡುವುದು ಮೂರನ್ನೂ ಹೊಂದಿಸಿಕೊಳ್ಳಲು ಮಗುವಿಗೆ ಸುಮಾರು 34 ವಾರ ಆಗಬೇಕು. ನೀಲಿ ಬೆಳಕು ಕಾಮಾಲೆಗೆ. ಕೆಲವೊಮ್ಮೆ ಮಗು ಹತ್ತಿಪ್ಪತ್ತು ಸೆಕೆಂಡು ಉಸಿರಾಡುವುದನ್ನೇ ನಿಲ್ಲಿಸುತ್ತದೆ, ಅಲಾರಂ ಕೂಗುತ್ತದೆ, ನರ್ಸ್ ಬಂದು ಅಂಗಾಲು ತಟ್ಟುತ್ತಾರೆ. ಮಿದುಳಿನ ಉಸಿರಾಟದ ಕೇಂದ್ರ ಇನ್ನೂ ಬಲಿಯದಿರುವುದೇ ಇದಕ್ಕೆ ಕಾರಣ. ಕೆಫೀನ್ ಔಷಧ ಇದನ್ನು ತಗ್ಗಿಸುತ್ತದೆ. ವಾರಗಳು ಕಳೆದಂತೆ ತಾನಾಗಿ ನಿಲ್ಲುತ್ತದೆ. ಮೊದಲ ವಾರದಲ್ಲಿ ತೂಕ ಇಳಿಯುವುದೂ ಸಹಜ. ಇಷ್ಟನ್ನು ಯಾರಾದರೂ ಕೂತು ತಿಳಿಸಿ ಹೇಳಿದರೆ ತಂದೆತಾಯಿಯ ಅರ್ಧ ದಿಗಿಲು ಕಳೆಯುತ್ತದೆ.

ಮಾನಿಟರಿನ ಆಮ್ಲಜನಕದ ಅಂಕಿ ಎಲ್ಲರ ಕಣ್ಣನ್ನೂ ಕಟ್ಟಿಹಾಕುತ್ತದೆ. ನೂರಕ್ಕೆ ನೂರು ಬರಲಿ ಎಂದು ಮನೆಯವರು ಹಾರೈಸುತ್ತಾರೆ. ಆದರೆ ಆಮ್ಲಜನಕ ಕೊಡುತ್ತಿರುವಾಗ ವೈದ್ಯರು ಆ ಅಂಕಿಯನ್ನು 90ರಿಂದ 95ರ ಒಳಗೇ ಹಿಡಿದಿಡುತ್ತಾರೆ. ಇದರ ಹಿಂದೆ ದುಃಖದ ಇತಿಹಾಸವಿದೆ. 1940 ಮತ್ತು 50ರ ದಶಕಗಳಲ್ಲಿ ಅಮೆರಿಕ, ಯುರೋಪಿನ ಆಸ್ಪತ್ರೆಗಳು ಇಂಥ ಮಕ್ಕಳಿಗೆ ಧಾರಾಳವಾಗಿ ಆಮ್ಲಜನಕ ಕೊಟ್ಟವು. ಸಾವಿರಾರು ಮಕ್ಕಳು ಕುರುಡರಾದರು. ಅಕ್ಷಿಪಟಲದ ರಕ್ತನಾಳಗಳು ಅಡ್ಡಾದಿಡ್ಡಿ ಬೆಳೆದು ಪಟಲವನ್ನೇ ಕಿತ್ತುಹಾಕುವ ಈ ರೋಗಕ್ಕೆ ಆರ್‌ಒಪಿ ಎನ್ನುತ್ತಾರೆ.

ಈ ವಿಷಯದಲ್ಲಿ ಕರ್ನಾಟಕ ಜಗತ್ತಿಗೆ ದಾರಿ ತೋರಿದೆ. ಬೆಂಗಳೂರಿನ ನಾರಾಯಣ ನೇತ್ರಾಲಯದ ಡಾ. ಆನಂದ್ ವಿನೇಕರ್ 2008ರಲ್ಲಿ ಕಿಡ್ರಾಪ್ ಯೋಜನೆ ಶುರು ಮಾಡಿದರು. ಮಕ್ಕಳ ಕಣ್ಣಿನ ತಜ್ಞರು ಎಲ್ಲ ಊರಲ್ಲೂ ಇಲ್ಲ; ಆದ್ದರಿಂದ ತರಬೇತಿ ಪಡೆದ ತಂತ್ರಜ್ಞರು ಕ್ಯಾಮೆರಾ ಹೊತ್ತು ಹೊರ ಜಿಲ್ಲೆಗಳ ಶಿಶು ಘಟಕಗಳಿಗೇ ಹೋಗುತ್ತಾರೆ, ಕಣ್ಣಿನ ಒಳಭಾಗದ ಚಿತ್ರ ತೆಗೆಯುತ್ತಾರೆ, ಇಂಟರ್ನೆಟ್ ಮೂಲಕ ತಜ್ಞರಿಗೆ ಕಳಿಸುತ್ತಾರೆ. ರೋಗ ಕಂಡರೆ ಲೇಸರ್ ಚಿಕಿತ್ಸೆ. ಇದಕ್ಕೆ ಕಾಲಾವಕಾಶ ಬಹಳ ಕಿರಿದು. 34 ವಾರಕ್ಕಿಂತ ಮೊದಲು ಹುಟ್ಟಿದ ಅಥವಾ ಎರಡು ಕೆ.ಜಿ.ಗಿಂತ ಕಡಿಮೆ ತೂಕದ ಪ್ರತಿ ಮಗುವಿಗೂ ಹುಟ್ಟಿದ 30 ದಿನದೊಳಗೆ ಕಣ್ಣಿನ ಪರೀಕ್ಷೆ ಆಗಲೇಬೇಕು. ತೀರಾ ಚಿಕ್ಕ ಮಕ್ಕಳಿಗೆ ಎರಡು ಮೂರು ವಾರಕ್ಕೇ ಆಗಬೇಕು. ಹೊರಗಿನಿಂದ ನೋಡಿದರೆ ಕಣ್ಣು ಚೆನ್ನಾಗಿಯೇ ಕಾಣುತ್ತದೆ. ಮನೆಗೆ ಹೋದ ಮೇಲೆ ತೋರಿಸೋಣ ಎಂದು ಮುಂದೂಡಿದರೆ ದೃಷ್ಟಿ ಕೈತಪ್ಪುತ್ತದೆ.

ಈಗ ಅಮ್ಮನ ಕೆಲಸಕ್ಕೆ ಬರೋಣ. ಮೊದಲನೆಯದು ಹಾಲು. ಹೆರಿಗೆಯಾದ ಮೊದಲ ಗಂಟೆಗಳಲ್ಲೇ ಹಿಂಡಲು ಶುರು ಮಾಡಿ, ಎರಡು ಮೂರು ಗಂಟೆಗೊಮ್ಮೆ, ರಾತ್ರಿಯೂ ಬಿಡದೆ, ದಿನಕ್ಕೆ ಎಂಟು ಸಲವಾದರೂ ಹಿಂಡಬೇಕು. ಮೊದಲು ಬರುವುದು ಕೆಲವು ಹನಿ ಗಿಣ್ಣುಹಾಲು. ಅಷ್ಟೇ ಎಂದು ತಾಯಿ ಕುಗ್ಗಬೇಕಿಲ್ಲ, ಮಗುವಿಗೆ ಬೇಕಿರುವುದೂ ಅಷ್ಟೇ. ಅವಧಿಪೂರ್ವ ಮಕ್ಕಳ ಕರುಳು ಕೊಳೆಯುವ ಭೀಕರ ಕಾಯಿಲೆಯೊಂದಿದೆ. ಪುಡಿಹಾಲು ಕುಡಿದವರಿಗಿಂತ ತಾಯಿಹಾಲು ಕುಡಿದವರಲ್ಲಿ ಅದು ಕಡಿಮೆ. ಸ್ವಂತ ತಾಯಿಯ ಹಾಲು ಸಾಲದಾದರೆ ಬೇರೆ ತಾಯಂದಿರು ದಾನ ಕೊಟ್ಟ, ಪಾಶ್ಚರೀಕರಿಸಿದ ಹಾಲು ಮುಂದಿನ ಆಯ್ಕೆ. ಏಷ್ಯಾದ ಮೊದಲ ಎದೆಹಾಲು ಬ್ಯಾಂಕ್ 1989ರಲ್ಲಿ ಮುಂಬೈನ ಸಯನ್ ಆಸ್ಪತ್ರೆಯಲ್ಲಿ ಡಾ. ಅರ್ಮಿಡಾ ಫರ್ನಾಂಡಿಸ್ ಅವರಿಂದ ಶುರುವಾಯಿತು. ಬೆಂಗಳೂರಿನ ವಾಣಿವಿಲಾಸ ಆಸ್ಪತ್ರೆಯಲ್ಲಿ 2022ರಲ್ಲಿ ‘ಅಮೃತಧಾರೆ’ ಬಂತು. ಮಗು ಬಾಯಿಂದ ಕುಡಿಯುವ ಹಂತಕ್ಕೆ ಬಂದಾಗ ನಮ್ಮ ಅಜ್ಜಿಯರ ಒಳಲೆಯೇ ಐಸಿಯುನಲ್ಲೂ ಕೆಲಸಕ್ಕೆ ಬರುತ್ತದೆ. ಸ್ವಚ್ಛವಾಗಿ ಕುದಿಸಿದ ಒಳಲೆ, ನಿಪ್ಪಲ್ ಬಾಟಲಿಗಿಂತ ಕ್ಷೇಮ.

ಎರಡನೆಯದು ಎದೆಯ ಬಿಸುಪು. 1978ರಲ್ಲಿ ಕೊಲಂಬಿಯಾದ ಬೊಗೋಟಾದ ಹೆರಿಗೆ ಆಸ್ಪತ್ರೆಯೊಂದರಲ್ಲಿ ಮಕ್ಕಳು ಹೆಚ್ಚು, ಇನ್‌ಕ್ಯುಬೇಟರ್ ಕಡಿಮೆ. ಒಂದೇ ಪೆಟ್ಟಿಗೆಯಲ್ಲಿ ಎರಡು ಮೂರು ಮಕ್ಕಳನ್ನಿಟ್ಟು ಸೋಂಕು ಹರಡುತ್ತಿತ್ತು. ಡಾ. ಎಡ್ಗರ್ ರೇ ಮಗುವನ್ನು ತಾಯಿಯ ಬರಿ ಎದೆಗೆ ನೆಟ್ಟಗೆ ಅಂಟಿಸಿ ಬಟ್ಟೆ ಕಟ್ಟಿಸಿದರು. ಇದೇ ಕಾಂಗರೂ ಆರೈಕೆ. ತಲೆಗೆ ಕುಲಾವಿ, ಕಾಲಿಗೆ ಸಾಕ್ಸ್, ಸೊಂಟಕ್ಕೆ ಡಯಾಪರ್, ಉಳಿದಂತೆ ಬರಿ ಮೈ. ಮಗುವಿನ ತಲೆ ಒಂದು ಬದಿಗೆ, ಮೂಗು ಬಾಯಿ ಸದಾ ಕಣ್ಣಿಗೆ ಕಾಣುವಂತೆ. ಆ ಭಂಗಿಯಲ್ಲಿ ಮಗುವಿನ ಎದೆಬಡಿತ ಸಮವಾಗುತ್ತದೆ, ನಿದ್ದೆ ಗಾಢವಾಗುತ್ತದೆ, ತಾಯಿಗೆ ಹಾಲು ಹೆಚ್ಚುತ್ತದೆ.

ಬಹಳ ವರ್ಷ ಇದನ್ನು ಮಗು ಚೇತರಿಸಿಕೊಂಡ ಮೇಲಿನ ಆರೈಕೆ ಎಂದೇ ಭಾವಿಸಿದ್ದರು. ಆ ಕಲ್ಪನೆಯನ್ನು ಬದಲಿಸಿದ್ದು 2021ರಲ್ಲಿ ಪ್ರಕಟವಾದ ಅಧ್ಯಯನ. ದೆಹಲಿಯ ಸಫ್ದರ್‌ಜಂಗ್ ಆಸ್ಪತ್ರೆ ಹಾಗೂ ಆಫ್ರಿಕಾದ ನಾಲ್ಕು ದೇಶಗಳ ಆಸ್ಪತ್ರೆಗಳಲ್ಲಿ, ಒಂದು ಕೆ.ಜಿ.ಯಿಂದ 1.8 ಕೆ.ಜಿ. ಒಳಗಿನ 3,211 ಮಕ್ಕಳನ್ನು ಎರಡು ಗುಂಪು ಮಾಡಲಾಯಿತು. ಒಂದು ಗುಂಪಿಗೆ ರೂಢಿಯ ಕ್ರಮ: ಮೊದಲು ವಾರ್ಮರ್, ಸ್ಥಿರವಾದ ಮೇಲೆ ತಾಯಿಯ ಎದೆ. ಇನ್ನೊಂದಕ್ಕೆ ಹುಟ್ಟಿದ ಕೂಡಲೇ ಎದೆಯ ಆರೈಕೆ. ಅದಕ್ಕಾಗಿ ಐಸಿಯು ಒಳಗೇ ತಾಯಂದಿರಿಗೆ ಮಂಚ ಹಾಕಲಾಯಿತು. ಮೊದಲ 28 ದಿನಗಳಲ್ಲಿ ರೂಢಿಯ ಗುಂಪಿನಲ್ಲಿ ಶೇ 15.7 ಮಕ್ಕಳು ತೀರಿಕೊಂಡರೆ, ತಾಯಿಯ ಜೊತೆಗಿದ್ದ ಗುಂಪಿನಲ್ಲಿ ಶೇ 12. ಸಾವು ಕಾಲುಭಾಗ ತಗ್ಗಿತು. ಇದರ ಬೆನ್ನಿಗೇ 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ, ಹುಟ್ಟಿದ ಕೂಡಲೇ ಕಾಂಗರೂ ಆರೈಕೆ ಶುರುವಾಗಲಿ ಎಂದು ಶಿಫಾರಸು ಮಾಡಿತು.

ದೆಹಲಿಯಲ್ಲಾದದ್ದು ನಮ್ಮಲ್ಲಾದೀತೇ ಎನ್ನುವವರು ಕೊಪ್ಪಳವನ್ನು ನೋಡಬೇಕು. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಸಂಸ್ಥೆ, ಕರ್ನಾಟಕ ಹೆಲ್ತ್ ಪ್ರಮೋಶನ್ ಟ್ರಸ್ಟ್ ಮತ್ತು ಸರ್ಕಾರದ ಆರೋಗ್ಯ ಇಲಾಖೆ ಸೇರಿ ಇಡೀ ಕೊಪ್ಪಳ ಜಿಲ್ಲೆಯಲ್ಲಿ ಕಾಂಗರೂ ಆರೈಕೆಯನ್ನು ಆಸ್ಪತ್ರೆಯಿಂದ ಮನೆಯವರೆಗೆ ವಿಸ್ತರಿಸಿದವು. ತಾಯಂದಿರಿಗೆ ಕೂರಲು ಜಾಗ, ಒರಗಲು ಹಾಸಿಗೆ, ಹೇಳಿಕೊಡುವ ನರ್ಸ್, ಮನೆಗೆ ಬಂದು ವಿಚಾರಿಸುವ ಆಶಾ ಕಾರ್ಯಕರ್ತೆ ಇದ್ದರೆ ಬಡ ಜಿಲ್ಲೆಯೊಂದರಲ್ಲೂ ಇದು ಸಾಧ್ಯ ಎಂಬುದು ಅಲ್ಲಿ ರುಜುವಾತಾಯಿತು.

ಮೂರನೆಯದು ಕೈಯ ಆರೈಕೆ. 1979ರಲ್ಲಿ ಎಸ್ಟೋನಿಯಾದ ಟ್ಯಾಲಿನ್ ನಗರದಲ್ಲಿ ನರ್ಸ್‌ಗಳ ಕೊರತೆ ಬಂದಾಗ ಡಾ. ಅಡಿಕ್ ಲೆವಿನ್ ತಾಯಂದಿರನ್ನೇ ಘಟಕದೊಳಗೆ ಕರೆದು ಆರೈಕೆ ಕಲಿಸಿದರು. ಮಕ್ಕಳು ಚೆನ್ನಾಗಿ ತೂಕ ಏರಿಸಿಕೊಂಡರು, ಸೋಂಕು ತಗ್ಗಿತು. ನಮ್ಮ ದೇಶದಲ್ಲಿ ಇದೇ ಬಗೆಯ ಪ್ರಯತ್ನ ದೆಹಲಿಯ ರಾಮಮನೋಹರ ಲೋಹಿಯಾ ಆಸ್ಪತ್ರೆಯಲ್ಲಿ ನಡೆಯಿತು. 2017ರಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ, ಕುಟುಂಬದವರು ಭಾಗಿಯಾಗುವ ನವಜಾತ ಶಿಶು ಆರೈಕೆಗೆ ಮಾರ್ಗಸೂಚಿಯನ್ನೇ ಹೊರಡಿಸಿತು. ಅದರಂತೆ ತಂದೆತಾಯಿ ಕೈತೊಳೆದು, ಗೌನ್ ಧರಿಸಿ ಒಳಬರಬಹುದು. ನಳಿಕೆಯಲ್ಲಿ ಹಾಲು ಕೊಡುವುದು, ಬಟ್ಟೆ ಬದಲಿಸುವುದು, ಅಪಾಯದ ಲಕ್ಷಣ ಗುರುತಿಸುವುದನ್ನು ಕಲಿಯಬಹುದು. ಆದರೂ ದಿನಕ್ಕೊಮ್ಮೆ ಗಾಜಿನಾಚೆಯಿಂದ ಮಗುವನ್ನು ತೋರಿಸಿ ಕಳಿಸುವ ಘಟಕಗಳು ಎಷ್ಟೋ ಇವೆ. ಸೋಂಕಿನ ಭಯ ಅದಕ್ಕೆ ಕೊಡುವ ಕಾರಣ. ಸೋಪು ನೀರಿನಲ್ಲಿ ಕೈತೊಳೆದ ತಾಯಿಯಿಂದ ಬರುವ ಅಪಾಯಕ್ಕಿಂತ, ಒಬ್ಬರೇ ನರ್ಸ್ ಹತ್ತಾರು ಮಕ್ಕಳನ್ನು ಅವಸರದಲ್ಲಿ ಮುಟ್ಟುವುದರಿಂದ ಬರುವ ಅಪಾಯ ದೊಡ್ಡದು.

ಮನೆಯವರ ಪಾಲೂ ಸಣ್ಣದಲ್ಲ. ಬಾಣಂತಿ ಹೊರಗೆ ಕಾಲಿಡಬಾರದು, ಗಾಳಿಗೆ ಮೈಯೊಡ್ಡಬಾರದು ಎಂಬ ಕಟ್ಟುಪಾಡು ದಿನ ತುಂಬಿದ ಮಗು ಮಗ್ಗುಲಲ್ಲಿರುವ ಬಾಣಂತಿಯನ್ನು ನೆನೆದು ಹುಟ್ಟಿದ್ದು. ಮಗು ಆಸ್ಪತ್ರೆಯಲ್ಲಿರುವಾಗ ಬಾಣಂತನವೂ ಅಲ್ಲಿಯೇ ನಡೆಯಬೇಕು. ಬಿಸಿ ಸಾರು ಅನ್ನದ ಕ್ಯಾರಿಯರ್ ಅಲ್ಲಿಗೇ ಹೋಗಬೇಕು. ನಾಮಕರಣ, ತೊಟ್ಟಿಲಶಾಸ್ತ್ರ ತಡವಾದರೆ ಏನೂ ಕೆಡುವುದಿಲ್ಲ. “ಭಾರ ಎತ್ತಿದ್ಯೇನೋ, ಬಸ್ಸಲ್ಲಿ ಓಡಾಡಿದ್ಯೇನೋ” ಎಂಬ ವಿಚಾರಣೆ ನಿಲ್ಲಬೇಕು. ಎಷ್ಟೋ ಅವಧಿಪೂರ್ವ ಹೆರಿಗೆಗಳಿಗೆ ವೈದ್ಯರಿಗೂ ಕಾರಣ ಸಿಗುವುದಿಲ್ಲ. ರಕ್ತದೊತ್ತಡ, ಸೋಂಕು, ಅವಳಿ ಗರ್ಭ ಕಾರಣವಾಗಿದ್ದರೂ ಅದು ತಾಯಿಯ ತಪ್ಪಲ್ಲ. ಐಸಿಯು ಮಕ್ಕಳ ತಾಯಂದಿರಲ್ಲಿ ಖಿನ್ನತೆ ಹೆಚ್ಚು ಎಂಬುದನ್ನು ಮನೆಯವರು ನೆನಪಿಡಬೇಕು. ಅಳು ನಿಲ್ಲದಿದ್ದರೆ, ನಿದ್ದೆ ಹತ್ತದಿದ್ದರೆ ವೈದ್ಯರಿಗೆ ಹೇಳಬೇಕು.

ಅಪ್ಪ ಔಷಧದ ಚೀಟಿ ಹಿಡಿದು ಓಡಾಡುವುದಕ್ಕಷ್ಟೇ ಸೀಮಿತವಾಗಬಾರದು. ಅವನ ಎದೆಯೂ ಮಗುವನ್ನು ಅಷ್ಟೇ ಬೆಚ್ಚಗಿಡುತ್ತದೆ. ತಾಯಿಗೆ ನಿದ್ದೆ ಬೇಕಾದ ಹೊತ್ತಿನಲ್ಲಿ ಅಪ್ಪ ಅಥವಾ ಅಜ್ಜಿ ಕಾಂಗರೂ ಆರೈಕೆ ಕೊಡಬಹುದು.

ಖರ್ಚಿನ ಮಾತು. 2011ರ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಂತೆ ಸರ್ಕಾರಿ ಆಸ್ಪತ್ರೆಯಲ್ಲಿ ಕಾಯಿಲೆಯ ಶಿಶುವಿಗೆ ಔಷಧ, ಪರೀಕ್ಷೆ, ರಕ್ತ, ಸಾಗಣೆ ಎಲ್ಲವೂ ಉಚಿತ; ಮೊದಲು 30 ದಿನಕ್ಕಿದ್ದ ಈ ಸೌಲಭ್ಯವನ್ನು ನಂತರ ಒಂದು ವರ್ಷದವರೆಗೆ ವಿಸ್ತರಿಸಲಾಯಿತು. ನಂಜನಗೂಡಿನ ಕಾರ್ಖಾನೆಗಳಲ್ಲಿ ದುಡಿಯುವ ಹೆಣ್ಣುಮಕ್ಕಳಿಗೆ ಇನ್ನೊಂದು ವಿಷಯ ಗೊತ್ತಿರಲಿ: 26 ವಾರಗಳ ಹೆರಿಗೆ ರಜೆಯ ಜೊತೆಗೆ, ಅವಧಿಪೂರ್ವ ಹೆರಿಗೆಯಿಂದ ತಾಯಿಗೆ ಅನಾರೋಗ್ಯವಾದರೆ ಮತ್ತೊಂದು ತಿಂಗಳ ಸಂಬಳಸಹಿತ ರಜೆಗೆ ಕಾನೂನು ಅವಕಾಶ ಕೊಟ್ಟಿದೆ.

ಮನೆಗೆ ಬಂದ ಮೇಲೂ ಎಚ್ಚರ ಬೇಕು. ಆಸ್ಪತ್ರೆಗಳು ಸಾಮಾನ್ಯವಾಗಿ ಮಗುವನ್ನು ಕಳಿಸುವುದು ಅದು ಬಾಯಿಂದ ಚೆನ್ನಾಗಿ ಕುಡಿಯುತ್ತ, ದಿನದಿನವೂ ತೂಕ ಏರಿಸುತ್ತ, ಮೈಬಿಸಿ ಉಳಿಸಿಕೊಂಡಾಗ; ಆಗಲೂ ತೂಕ ಎರಡು ಕೆ.ಜಿ.ಯೊಳಗೆ ಇರಬಹುದು. ಅಂಥ ಮಗುವಿಗೆ ಎಣ್ಣೆ ನೀರಿನ ಜೋರು ಸ್ನಾನ ಬೇಡ. ಸಾಂಬ್ರಾಣಿ ಹೊಗೆ ಖಂಡಿತ ಬೇಡ, ಆ ಶ್ವಾಸಕೋಶ ಅದನ್ನು ತಾಳದು. ಜೇನುತುಪ್ಪ, ಬಜೆ, ಗ್ರೈಪ್ ವಾಟರ್ ಬೇಡ. ನೋಡಲು ಬಂದವರೆಲ್ಲ ಎತ್ತಿ ಮುದ್ದಾಡುವುದೂ ಬೇಡ. ಕುಡಿಯುವುದು ನಿಲ್ಲಿಸಿದರೆ, ಮೈ ತಣ್ಣಗಾದರೆ, ಉಸಿರು ಏದಿದರೆ ಬೆಳಗಾಗುವುದನ್ನು ಕಾಯದೆ ಆಸ್ಪತ್ರೆಗೆ ಹೊರಡಬೇಕು. ಲಸಿಕೆಯನ್ನು ಹುಟ್ಟಿದ ದಿನದ ಲೆಕ್ಕದಲ್ಲೇ ಹಾಕಿಸಬೇಕು. ಬೆಳವಣಿಗೆಯನ್ನು ಮಾತ್ರ ದಿನ ತುಂಬಬೇಕಿದ್ದ ತಾರೀಖಿನಿಂದ ಎಣಿಸಬೇಕು: ಎರಡು ತಿಂಗಳು ಮೊದಲೇ ಹುಟ್ಟಿದ ಮಗು ಆರು ತಿಂಗಳಲ್ಲಿ ಮಾಡುವುದು ನಾಲ್ಕು ತಿಂಗಳ ಮಗುವಿನ ಆಟ. ಎರಡು ವರ್ಷದವರೆಗೆ ಈ ಲೆಕ್ಕ ನಡೆಯುತ್ತದೆ. ಪಕ್ಕದ ಮನೆಯ ಮಗುವಿನ ಜೊತೆ ಹೋಲಿಸಿ ಕೊರಗಬೇಕಿಲ್ಲ.

ಕಿವಿಯ ಪರೀಕ್ಷೆಯ ವಿಷಯದಲ್ಲಿ ಮೈಸೂರಿನವರು ಅದೃಷ್ಟವಂತರು. 1965ರಲ್ಲಿ ಶುರುವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಮಾನಸಗಂಗೋತ್ರಿಯಲ್ಲೇ ಇದೆ. ಐದು ದಿನಕ್ಕಿಂತ ಹೆಚ್ಚು ಐಸಿಯುನಲ್ಲಿದ್ದ ಮಕ್ಕಳಲ್ಲಿ ಶ್ರವಣದೋಷದ ಸಾಧ್ಯತೆ ಹೆಚ್ಚು. ಒಂದು ತಿಂಗಳೊಳಗೆ ತಪಾಸಣೆ, ಮೂರು ತಿಂಗಳೊಳಗೆ ನಿರ್ಧಾರ, ಆರು ತಿಂಗಳೊಳಗೆ ಚಿಕಿತ್ಸೆ ಎಂಬುದು ತಜ್ಞರ ಸೂತ್ರ.

ಹುಟ್ಟಿನ ತೂಕದ ಬಗ್ಗೆ ಜಗತ್ತಿಗೆ ಪಾಠ ಹೇಳಿದ ಊರೂ ಮೈಸೂರೇ. ಇಲ್ಲಿನ ಹೋಲ್ಡ್ಸ್‌ವರ್ತ್ ಮಿಷನ್ ಆಸ್ಪತ್ರೆಯ ಸೂಲಗಿತ್ತಿ ನರ್ಸ್‌ಗಳು 1934ರಿಂದ ಪ್ರತಿ ಶಿಶುವಿನ ತೂಕ ಬರೆದಿಟ್ಟಿದ್ದರು. 1934ರಿಂದ 1954ರ ನಡುವೆ ಅಲ್ಲಿ ಹುಟ್ಟಿದ 517 ಮಂದಿಯನ್ನು ದಶಕಗಳ ನಂತರ ಹುಡುಕಿ ಪರೀಕ್ಷಿಸಿದಾಗ, ಹುಟ್ಟುವಾಗ ತೂಕ ಕಡಿಮೆಯಿದ್ದವರಲ್ಲಿ ಹೃದ್ರೋಗ ಹೆಚ್ಚು ಎಂಬುದು ತಿಳಿಯಿತು. 1996ರಲ್ಲಿ ಅದು ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾಯಿತು. ಚಿಕ್ಕದಾಗಿ ಹುಟ್ಟಿದ ಮಗುವಿನ ಮೇಲಿನ ನಿಗಾ ಐಸಿಯು ಬಿಟ್ಟ ದಿನವೇ ಮುಗಿಯಬಾರದು ಎಂಬುದು ಇದರಿಂದ ಸ್ಪಷ್ಟ.

ನವೆಂಬರ್ 17 ವಿಶ್ವ ಅವಧಿಪೂರ್ವ ಶಿಶು ದಿನ. ಅಂದು ಆಸ್ಪತ್ರೆಗಳಲ್ಲಿ ಕೇಕ್ ಕತ್ತರಿಸಿ ಫೋಟೊ ತೆಗೆಸುವ ಜೊತೆಗೆ, ಪ್ರತಿ ವಾರ್ಮರ್ ಪಕ್ಕ ತಾಯಿಗೊಂದು ಒರಗು ಕುರ್ಚಿ, ಹೊರ ಊರಿನ ಬಾಣಂತಿಯರಿಗೆ ಆವರಣದಲ್ಲೇ ತಂಗುವ ಕೋಣೆ, ಮೂರು ಹೊತ್ತಿನ ಊಟ, ಹಾಲು ಹಿಂಡಲು ಮರೆಯಾದ ಜಾಗ, ಇಷ್ಟನ್ನು ಸರ್ಕಾರವೂ ಖಾಸಗಿ ಆಸ್ಪತ್ರೆಗಳೂ ಒದಗಿಸಲಿ. ಓದುಗರ ಬಂಧುಬಳಗದಲ್ಲೋ ಬೀದಿಯಲ್ಲೋ ಇಂಥ ಮಗು ಹುಟ್ಟಿದ್ದರೆ, ಯಾಕೆ ಹೀಗಾಯಿತು ಎಂದು ಕೇಳಬೇಡಿ. ದೊಡ್ಡ ಮಗುವನ್ನು ಶಾಲೆಗೆ ಬಿಟ್ಟು ಬನ್ನಿ, ಊಟದ ಕ್ಯಾರಿಯರ್ ಒಯ್ಯಿರಿ, ಗಾಡಿಯಿದ್ದರೆ ಆ ತಾಯಿಯನ್ನು ದಿನವೂ ಆಸ್ಪತ್ರೆಗೆ ಕರೆದುಕೊಂಡು ಹೋಗಿ.